ಮೂವತ್ತೊಂದು ಇಂಚಿನ ಟೈರು ಮತ್ತು ಮಾಮನ ಜೀಪು

ಕಳೆದ ವಾರ ಆಫೀಸಿನ ಗೆಳೆಯನೊಬ್ಬ ಹೊಸ ಥಾರ್ ತಗೊಂಡ. ತಗೊಂಡ ಎರಡನೇ ದಿನವೇ ನನ್ನ ಡೆಸ್ಕ್ ಹತ್ತಿರ ಬಂದು, "ಗುರೂ, ನಿನ್ನ ಹತ್ರ ಜೀಪ್ ಇದೆಯಂತೆ. ನಂಗೆ ದೊಡ್ಡ ಟೈರ್ ಹಾಕಿಸ್ಬೇಕು. ಯಾವ ಸೈಜ್ ಹಾಕಿಸ್ಲಿ?" ಅಂದ.

"ಎಲ್ಲಿ ಓಡಿಸ್ತೀಯಾ?" ಅಂತ ಕೇಳಿದೆ.

"ಸರ್ಜಾಪುರ ರೋಡ್" ಅಂದ.

ಮೊದಲು ನಗು ಬಂತು. ಆಮೇಲೆ ನಗು ತಾನಾಗೇ ನಿಂತು ಹೋಯ್ತು. 2022ರಲ್ಲಿ ನನ್ನನ್ನು ಯಾರಾದರೂ ಇದೇ ಪ್ರಶ್ನೆ ಕೇಳಿದ್ದರೆ ಚೆನ್ನಾಗಿತ್ತು ಅನಿಸಿತು. ಅವನಿಗೆ ಕಾಫಿ ಕುಡಿಸಿ ಹೇಳಿದ ಕಥೆಯನ್ನೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನಮ್ಮ ಮನೆ ರಾಯಚೂರಲ್ಲಿ. ಅವ್ವನ ತವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ, ಕೃಷ್ಣಾ ಹೊಳೆಗೆ ಹತ್ತಿರ. ಅಲ್ಲಿ ನಮ್ಮ ಸೋದರಮಾವ, ಅಂದರೆ ಮಾಮ, ಒಂದು ಹಳೇ ಮಹೀಂದ್ರಾ ಜೀಪು ಇಟ್ಟುಕೊಂಡಿದ್ದರು. ಅದು ಬರೀ ಗಾಡಿ ಅಲ್ಲ, ಊರಿನ ಆಸ್ತಿ ಇದ್ದ ಹಾಗೆ. ಹತ್ತಿ ಬೀಜ, ಗೊಬ್ಬರದ ಚೀಲ, ಮದುವೆ ದಿಬ್ಬಣ, ಜಾತ್ರೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗೋ ಹುಡುಗರು... ಎಲ್ಲಕ್ಕೂ ಅದೇ.

2009ರ ನೆರೆ ನಿಮಗೆ ನೆನಪಿರಬಹುದು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳು. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ನಡುವೆ ನಮ್ಮ ಜಿಲ್ಲೆ. ಬರದ ನಾಡು ಅಂತ ಹೆಸರು ಪಡೆದ ಜಿಲ್ಲೆ ನೀರಲ್ಲಿ ನಿಂತಿತ್ತು. ನನಗಾಗ ಹನ್ನೆರಡು ವರ್ಷ, ದಸರಾ ರಜೆಗೆ ಮಾಮನ ಊರಿಗೆ ಹೋಗಿದ್ದೆ. ಹಳ್ಳದ ಆಚೆ ಓಣಿಯ ಮಂದಿಯನ್ನು ಈಚೆ ಶಾಲೆಗೆ ಕರೆತರೋಕೆ ಮಾಮ ಜೀಪು ತೆಗೆದರು. ನೀರಿಗಿಳಿಯೋ ಮೊದಲು ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಫ್ಯಾನ್ ತಿರುಗಿದರೆ ನೀರನ್ನು ಇಂಜಿನ್ ಮೇಲೆಲ್ಲ ಎರಚುತ್ತೆ, ಅದಕ್ಕೆ. ಆ ಕಪ್ಪು ಬೆಲ್ಟನ್ನು ಹಾವಿನ ಹಾಗೆ ಕೊರಳಿಗೆ ಹಾಕಿಕೊಂಡು ದಂಡೆ ಮೇಲೆ ನಿಂತಿದ್ದೆ. ಅಷ್ಟು ಸಣ್ಣ ಗಾಲಿಯ ಗಾಡಿ ನೀರನ್ನು ಸೀಳಿಕೊಂಡು ಹೋಗಿ, ಮುದುಕಿಯರನ್ನೂ ಕೂಸುಗಳನ್ನೂ ತುಂಬಿಕೊಂಡು ವಾಪಸ್ ಬಂತು. ಎಷ್ಟು ಸಲ ಅಂತ ಲೆಕ್ಕ ಇಟ್ಟಿರಲಿಲ್ಲ. ದೊಡ್ಡವನಾದ ಮೇಲೆ ಈ ಜೀಪು ನನಗೇ ಬೇಕು ಅಂತ ಅವತ್ತೇ ನಿರ್ಧಾರ ಮಾಡಿದ್ದೆ.

2022ರ ಯುಗಾದಿಗೆ ಅದು ಸಿಕ್ಕಿತು. ಮಾಮನ ಮೊಣಕಾಲು ಕ್ಲಚ್ ಒತ್ತೋಕೆ ಒಪ್ಪುತ್ತಿರಲಿಲ್ಲ. ನಾನು ಆಗಿನ್ನೂ ವರ್ಕ್ ಫ್ರಂ ಹೋಮ್, ರಾಯಚೂರಲ್ಲೇ ಇದ್ದೆ. ಬೀಗದ ಕೈ ಕೊಡುತ್ತಾ ಮಾಮ ಹೇಳಿದ್ದು ಒಂದೇ ಮಾತು: "ಅಳಿಯಾ, ಇದು ನಿಂದು. ಆದ್ರ ಊರಾಗ ಯಾರರ ಕರದ್ರ ಒಲ್ಲೆ ಅನಬ್ಯಾಡ."

ನಾನು ಒಲ್ಲೆ ಅನ್ನಲಿಲ್ಲ. ಆದರೆ ಅದಕ್ಕಿಂತ ಮೊದಲು ಯೂಟ್ಯೂಬ್ ನೋಡಿದೆ :-)

ನೋಡಿದ್ದೇ ತಪ್ಪಾಯ್ತು. ಕೇರಳದ ರಬ್ಬರ್ ತೋಟದಲ್ಲಿ, ಅಮೆರಿಕದ ಮರಳುಗಾಡಿನಲ್ಲಿ, ಥಾಯ್ಲೆಂಡಿನ ಕೆಸರಿನಲ್ಲಿ ರಾಕ್ಷಸ ಗಾತ್ರದ ಟೈರುಗಳ ಗಾಡಿಗಳು. ಅವನ್ನು ನೋಡಿ ಮಾಮನ ಜೀಪಿನ ಕಡೆ ನೋಡಿದರೆ ದೊಡ್ಡ ಮೈಯವನು ಬಾತಾ ಚಪ್ಪಲಿ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ಅದರ ಟೈರ್ ಸೈಜು 6.00-16. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿಗೂ ಇದೇ ಸೈಜು. 1940ರ ದಶಕದ ಕೊನೆಗೆ ಮಹೀಂದ್ರಾದವರು ಇಲ್ಲಿ ವಿಲ್ಲೀಸ್ ಜೋಡಿಸೋಕೆ ಶುರು ಮಾಡಿದರಲ್ಲ, ಆ ಕುಟುಂಬದ ಜೀಪುಗಳಿಗೆ ಬಳುವಳಿಯಾಗಿ ಬಂದ ಗಾಲಿ. ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್ಮು, ಒಟ್ಟು ಎತ್ತರ ಸುಮಾರು ಇಪ್ಪತ್ತೆಂಟೂವರೆ ಇಂಚು.

ನಾನು ತರಿಸಿದ್ದು 31x10.50 ಆರ್ 15, ಮಡ್ ಟೈರ್. ಜೊತೆಗೆ ಅಗಲವಾದ ಹದಿನೈದು ಇಂಚಿನ ರಿಮ್ಮು. ತಿಂಗಳ ಸಂಬಳದ ದೊಡ್ಡ ಪಾಲು ಹೋಯ್ತು. ಉಳಿತಾಯ ಮಾಡೋಕೆ ಅಂತ ನಾಲ್ಕೇ ತಗೊಂಡೆ, ಸ್ಟೆಪ್ನಿ ಹಳೆಯದೇ ಇರಲಿ ಅಂದುಕೊಂಡೆ. (ಫೋರ್ ವೀಲ್ ಡ್ರೈವ್ ಹಾಕಿದಾಗ ನಾಲ್ಕು ಗಾಲಿ ಒಂದೇ ಎತ್ತರ ಇರಬೇಕು, ಇಲ್ಲದಿದ್ದರೆ ಮುಂದಿನ ಆಕ್ಸಲ್ಲಿಗೂ ಹಿಂದಿನದಕ್ಕೂ ಜಗಳ ಹತ್ತಿ ನಡುವಿನ ಗೇರ್ ಡಬ್ಬಿ ಸಾಯುತ್ತೆ ಅನ್ನೋದು ಆಮೇಲೆ ಗೊತ್ತಾಯ್ತು.)

ರಾಯಚೂರಿನ ಗಂಜ್ ಕಡೆ ಒಬ್ಬ ಉಸ್ತಾದರ ಹತ್ತಿರ ಜೋಡಿಸೋಕೆ ಕೊಟ್ಟೆ. ಅರವತ್ತು ದಾಟಿದವರು. ಟೈರಿನ ಮೇಲೆ ಕೈ ಆಡಿಸಿ, "ಭಾಳ ಚೊಲೋ ಮಾಲ್ ಐತಿ. ಆದ್ರ ಗಾಡಿ ಕೇಳ್ಯಾದೇನು?" ಅಂದರು. ನಾನು ನಕ್ಕೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಟೈರು ಕಮಾನು ಪಟ್ಟಿಗೆ ಉಜ್ಜುತ್ತಿತ್ತು. ಅದಕ್ಕೆ ಅವರು ಸ್ಟೇರಿಂಗ್ ಕಡಿಮೆ ತಿರುಗುವ ಹಾಗೆ ಸ್ಟಾಪರ್ ಬೋಲ್ಟು ಹೊರಗೆ ತೆಗೆದರು. ಅಂದರೆ, ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ಓಣಿಯಲ್ಲಿ ಈಗ ಮೂರು ಸಲ ಹಿಂದೆ ಮುಂದೆ ಮಾಡಬೇಕು. ಜೀಪು ಎತ್ತರ ಕಾಣೋಕೆ ಕಮಾನು ಪಟ್ಟಿಯ ಶ್ಯಾಕಲ್ ಉದ್ದದ್ದು ಹಾಕಿಸಿದೆ. ಸಂಜೆ ಬಸ್ ಸ್ಟ್ಯಾಂಡ್ ಮುಂದೆ ಹಾದು ಹೋಗುವಾಗ ಹುಡುಗರು ತಿರುಗಿ ನೋಡಿದರು. ಸುಳ್ಳು ಯಾಕೆ ಹೇಳಲಿ, ಸ್ವರ್ಗಕ್ಕೆ ಮೂರೇ ಗೇಣು!

ನಾನು ಓದಿದ್ದು ಕಂಪ್ಯೂಟರ್ ಸೈನ್ಸು. ಕೆಲಸದಲ್ಲಿ ಒಂದು ಲೈಬ್ರರಿ ಅಪ್‌ಗ್ರೇಡ್ ಮಾಡಿದರೆ ಹತ್ತು ಕಡೆ ಕೋಡ್ ಮುರಿಯುತ್ತೆ ಅಂತ ದಿನಾ ನೋಡ್ತೀನಿ. ಜೀಪಿಗೂ ಅದೇ ನಿಯಮ ಅಂತ ಹೊಳೆಯಲಿಲ್ಲ ನೋಡಿ. ಲೆಕ್ಕ ಬಹಳ ಸರಳ. ಇಪ್ಪತ್ತೆಂಟೂವರೆಯಿಂದ ಮೂವತ್ತೊಂದು ಅಂದರೆ ಎತ್ತರ ಸುಮಾರು ಶೇಕಡಾ 9 ಹೆಚ್ಚು. ಮೀಟರ್ 50 ತೋರಿಸಿದಾಗ ನಿಜವಾಗಿ 54ರ ಮೇಲೆ ಹೋಗ್ತಿರ್ತೀವಿ. ಗಾಲಿ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಅಷ್ಟೇ ಪಾಲು ಎಳೆಯುವ ಕಸುವು ಕಡಿಮೆ. ಗಬ್ಬೂರು ರಸ್ತೆಯಲ್ಲಿ ಎದುರು ಗಾಳಿ ಬಂದರೆ ಟಾಪ್ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು. ಬ್ರೇಕಿಗೂ ಅದೇ ಗತಿ. ಡ್ರಮ್ಮು ಅಷ್ಟೇ, ಕಾಲಿನ ಒತ್ತು ಅಷ್ಟೇ, ಆದರೆ ಹಿಡಿದು ನಿಲ್ಲಿಸಬೇಕಾದ ಗಾಲಿ ದೊಡ್ಡದು, ಭಾರದ್ದು. ಇಷ್ಟೆಲ್ಲ ಕಳೆದುಕೊಂಡು ಗಳಿಸಿದ್ದೇನು ಗೊತ್ತಾ? ಆಕ್ಸಲ್ ಕೆಳಗಿನ ಎತ್ತರ ಹೆಚ್ಚೋದು ಟೈರಿನ ಹೆಚ್ಚುವರಿ ಎತ್ತರದ ಅರ್ಧ ಮಾತ್ರ. ಒಂದೂಕಾಲು ಇಂಚು. ಒಂದು ಬೆಂಕಿಪೊಟ್ಟಣದ ಅಗಲಕ್ಕಿಂತ ಕಡಿಮೆ!

ಆದರೂ ಹೊಗಳಬೇಕಾದ್ದನ್ನು ಹೊಗಳಬೇಕು. ಆ ಬೇಸಿಗೆಯಲ್ಲಿ ಕೃಷ್ಣಾ ದಂಡೆಯ ಮರಳಿಗೆ ಹೋಗಿದ್ದೆ. ಗಾಳಿಯನ್ನು ಅರ್ಧಕ್ಕೆ ಇಳಿಸಿದೆ. ಟೈರು ಹೊಟ್ಟೆ ಬಿಟ್ಟು ಕುಳಿತು ನೆಲವನ್ನು ಅಗಲಕ್ಕೆ ಹಿಡಿಯಿತು. ಬೈಕಿನವರು ಹೂತು ಒದ್ದಾಡುತ್ತಿದ್ದ ಜಾಗದಲ್ಲಿ ಜೀಪು ಒಂಟೆಯ ಹಾಗೆ ನಡೆಯಿತು. ಹಳೇ ಟೈರಿನಲ್ಲಿ ಅದು ಆಗುತ್ತಿರಲಿಲ್ಲ. ಆವತ್ತು ತಲೆ ಪೂರ್ತಿ ತಿರುಗಿತು. ಮರಳಲ್ಲಿ ಗೆದ್ದವನಿಗೆ ಮಣ್ಣು ಯಾವ ಲೆಕ್ಕ!

ಮಾಮ ಹೊಸ ಟೈರು ನೋಡಿ ಏನೂ ಬೈಯಲಿಲ್ಲ. ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಹಾಕಲು ನೋಡಿದರು. ಬೆರಳು ಹೋಯ್ತು, ಮುಷ್ಟಿ ಹೋಗಲಿಲ್ಲ. "ಮಳಿಗಾಲ ಬರ್ಲಿ" ಅಂದು ಒಳಗೆ ಹೋದರು.

ಮಳೆಗಾಲ ಬಂತು. 2022ರ ಸೆಪ್ಟೆಂಬರ್. ಶನಿವಾರ ಊರಿಗೆ ಹೋಗಿದ್ದೆ. ಮೂರು ದಿನ ಬಿಡದೆ ಹೊಡೆದ ಮಳೆ ಆವತ್ತು ಮಧ್ಯಾಹ್ನ ಸ್ವಲ್ಪ ತೆರವು ಕೊಟ್ಟಿತ್ತು. ರಾತ್ರಿ ಒಂಬತ್ತರ ಸುಮಾರಿಗೆ ಪಕ್ಕದ ಮನೆಯ ಕಾಕಾ ಓಡಿ ಬಂದರು. ಅವರ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಶುರುವಾಗಿತ್ತು. 108ಕ್ಕೆ ಫೋನ್ ಮಾಡಿಯಾಗಿತ್ತು, ಅವರು ಡಾಂಬರು ರಸ್ತೆಯ ತನಕ ಬರ್ತೀವಿ ಅಂದಿದ್ದರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಊರಿಂದ ಡಾಂಬರು ರಸ್ತೆಗೆ ಆಗ ಎರಡು ಕಿಲೋಮೀಟರ್ ಬಂಡಿ ದಾರಿ, ಎರೆ ಹೊಲಗಳ ನಡುವೆ.

ಮಾಮ ನನ್ನ ಮುಖ ನೋಡಿದರು. "ಟ್ರ್ಯಾಕ್ಟರ್ ಹೇಳಿ ಕಳಸ್ಲೇನು?" ಅಂದರು.

"ಬ್ಯಾಡ ಮಾಮಾ, ಜೀಪ್ ಐತಲ್ಲ" ಅಂದೆ. ಆ ಮಾತು ಆಡಿದ್ದು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ.

ಎರೆ ಮಣ್ಣು ಗೊತ್ತಿಲ್ಲದವರಿಗೆ ಎರಡು ಮಾತು. ಬೇಸಿಗೆಯಲ್ಲಿ ಅದು ಕಾಲು ಹೋಗುವಷ್ಟು ಬಿರುಕು ಬಿಟ್ಟು ಕಲ್ಲಿನ ಹಾಗೆ ಬಿದ್ದಿರುತ್ತೆ. ನೀರು ಕುಡಿದರೆ ಉಬ್ಬಿ, ಹಿಟ್ಟು ನಾದಿದ ಹಾಗೆ ಮೆತ್ತಗಾಗಿ ಅಂಟುತ್ತೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದರೆ ಒಂದೊಂದು ಕಾಲಿಗೆ ಎರಡೆರಡು ಕಿಲೋ ಮಣ್ಣು. ಹನ್ನೊಂದನೇ ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿಯುತ್ತೆ, ಕಾಲು ಮಾತ್ರ ಮುಂದೆ ಬರುತ್ತೆ.

ಹುಡುಗಿ, ಅವಳ ತಾಯಿ, ಹಿಂದೆ ಕಾಕಾ ಮತ್ತು ಮಾಮ. ನಾನು ಫೋರ್ ವೀಲ್ ಹಾಕಿ ಹೊರಟೆ. ಮೊದಲ ಒಂದು ಕಿಲೋಮೀಟರ್ ಚೆನ್ನಾಗೇ ಹೋಯ್ತು. ಆಮೇಲೆ ಸ್ಟೇರಿಂಗ್ ಹಗುರಾಯ್ತು. ಹಗುರ ಅಂದರೆ, ತಿರುಗಿಸಿದರೂ ಗಾಡಿಗೆ ಸಂಬಂಧವೇ ಇಲ್ಲದ ಹಾಗೆ. ಟೈರಿನ ಆ ದೊಡ್ಡ ದೊಡ್ಡ ಹಲ್ಲುಗಳ ನಡುವೆ ಎರೆ ತುಂಬಿ, ನಾಲ್ಕು ಗಾಲಿಗಳೂ ನುಣ್ಣನೆ ಕಪ್ಪು ಉಂಡೆಗಳಾಗಿದ್ದವು. ಮಡ್‌ಗಾರ್ಡ್ ಒಳಗೆ ಮಣ್ಣು ಗಿಡಿದು, ಗಾಲಿ ತಿರುಗೋಕೇ ಕಷ್ಟಪಟ್ಟು ಇಂಜಿನ್ ಮುಲುಗುತ್ತಿತ್ತು. ಒಂದು ಸಣ್ಣ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಜೀಪು ನಿಲ್ಲಲಿಲ್ಲ, ಬಾಗಲೂ ಇಲ್ಲ. ಬಹಳ ನಿಧಾನವಾಗಿ, ಯಾವ ಅವಸರವೂ ಇಲ್ಲದ ಹಾಗೆ, ಅಡ್ಡಡ್ಡ ಜಾರಿಕೊಂಡು ಹೋಗಿ ದಾರಿಯ ಪಕ್ಕದ ಕಾಲುವೆಗೆ ಎಡಗಡೆಯ ಎರಡು ಗಾಲಿ ಇಳಿಸಿ ವಾಲಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಅದೊಂದು ಪುಣ್ಯ. ಹಿಂದೆ ಮುಂದೆ ಮಾಡಿದೆ, ಗಾಳಿ ಬಿಟ್ಟೆ, ಮಾಮ ಕತ್ತಲಲ್ಲಿ ಜಾಲಿ ಟೊಂಗೆ ಮುರಿದು ಗಾಲಿ ಕೆಳಗೆ ಹಾಕಿದರು. ಪ್ರತಿ ಸಲ ಆಕ್ಸಿಲರೇಟರ್ ಒತ್ತಿದಾಗಲೂ ಇನ್ನೊಂದು ಚೂರು ಕೆಳಗೆ. ಹಿಂದಿನಿಂದ ಆ ಹುಡುಗಿ ನರಳೋದು ಕೇಳುತ್ತಿತ್ತು. ದೂರದಲ್ಲಿ ಡಾಂಬರು ರಸ್ತೆ ಮೇಲೆ ಆಂಬುಲೆನ್ಸಿನ ದೀಪ ಸುತ್ತುತ್ತಿದ್ದುದು ಕಾಣುತ್ತಿತ್ತು. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಹದಿನೈದು ನಿಮಿಷ ಆದ ಮೇಲೆ ಆಕೆಯೇ ಇಳಿದಳು. "ನಡಕೋತ ಹೋಗ್ತೀನಿ ಅಣ್ಣಾ, ಬಿಡು" ಅಂದಳು. ಆ ಕತ್ತಲಲ್ಲಿ, ಆ ಎರೆಯಲ್ಲಿ, ಒಂದು ಕಡೆ ತಾಯಿ, ಇನ್ನೊಂದು ಕಡೆ ಮಾಮ ಹಿಡಿದುಕೊಂಡು, ಬರಿಗಾಲಲ್ಲಿ. ಮೊಣಕಾಲು ನೋವಿನ ಮಾಮ. ನಾನು ಮೊಬೈಲ್ ಟಾರ್ಚ್ ಹಿಡಿದು ಮುಂದೆ ನಡೆದೆ. ನಡುನಡುವೆ ಅವಳು ನಿಲ್ಲುತ್ತಿದ್ದಳು, ನಾವೂ ನಿಲ್ಲುತ್ತಿದ್ದೆವು. ಅರ್ಧ ದಾರಿಗೆ ಆಂಬುಲೆನ್ಸಿನ ಹುಡುಗರೇ ಸ್ಟ್ರೆಚರ್ ಹೊತ್ತುಕೊಂಡು ಎದುರು ಬಂದರು. ಅವರ ಪ್ಯಾಂಟೂ ಮೊಣಕಾಲ ತನಕ ಕಪ್ಪು.

ಬೆಳಗಿನ ಜಾವ ಫೋನ್ ಬಂತು. ಹೆಣ್ಣು ಕೂಸು, ಇಬ್ಬರೂ ಆರಾಮ.

ಬೆಳಿಗ್ಗೆ ಟ್ರ್ಯಾಕ್ಟರ್ ತಂದು ಜೀಪು ಎಳೆಸಿದೆವು. ಮಾಮ ಆಗ ಬಾಯಿ ಬಿಟ್ಟರು. ಬೈಗುಳ ಅಲ್ಲ, ಪಾಠ. ಕುಡುಗೋಲಿನ ತುದಿಯಿಂದ ದಾರಿ ಕೆದರಿ ತೋರಿಸಿದರು. ಮೇಲೆ ನಾಲ್ಕು ಬೆರಳು ಲೋಳೆಯಂಥ ಎರೆ, ಅದರ ಕೆಳಗೆ ಗಟ್ಟಿ ಮೊರಂ. "ಇಲ್ಲಿ ತಳ ಐತಿ ಅಳಿಯಾ. ಗಾಲಿ ಚಾಕು ಇದ್ದಂಗ ಕೊಯ್ಕೊಂಡು ತಳಕ್ಕ ಹೋಗಬೇಕು. ನಿನ್ನ ಗಾಲಿ ಮ್ಯಾಲೇ ಕುಂತಾವ, ಗಾದಿ ಮ್ಯಾಲೆ ಕುಂತ ಸಾಹುಕಾರ ಇದ್ದಂಗ." ಬಂಡಿಯ ಗಾಲಿ ಯಾಕೆ ಅಷ್ಟು ಸಣ್ಣ ಅಂತ ನನಗೆ ಆವತ್ತಿನ ತನಕ ಪ್ರಶ್ನೆಯೇ ಬಂದಿರಲಿಲ್ಲ.

ಹಾಗಂತ ಸಣ್ಣ ಗಾಲಿಯೇ ಶ್ರೇಷ್ಠ ಅಂತ ನಾನು ಹೇಳೋಕೆ ಹೊರಟಿಲ್ಲ. ಇದರ ಇನ್ನೊಂದು ಮುಖ ನೋಡಿದ್ದು ಮಾನ್ವಿಯಲ್ಲಿ. ಕಾಲೇಜಿನ ಗೆಳೆಯನೊಬ್ಬನ ಅಣ್ಣ ಅಲ್ಲಿ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಅಲ್ಲಿ ನಾಟಿಗೆ ಮೊದಲು ಕೆಸರು ಕಲಸೋಕೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಕಬ್ಬಿಣದ ಕೇಜ್ ವೀಲ್ ಹಾಕ್ತಾರೆ. ರಬ್ಬರ್ ಗಾಲಿಯ ಪಕ್ಕಕ್ಕೆ ಇನ್ನೊಂದು ಪಂಜರದಂಥ ಗಾಲಿ. "ಗದ್ದ್ಯಾಗ ತಳ ಸಿಗೂದಿಲ್ಲ, ಅದಕ್ಕ ಅಗಲ ಬೇಕು. ಪಟ್ಟಿ ನಡುವೆ ಎಲ್ಲಾ ತೆರದೇ ಇರ್ತೈತಿ, ಮಣ್ಣು ಹಿಡಿಯೂದಿಲ್ಲ, ಉದುರತೈತಿ" ಅಂದರು ಅಣ್ಣ. ಆದರೆ ಅದೇ ಗಾಲಿಯಲ್ಲಿ ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತು ಹೋಗುತ್ತೆ, ದಂಡವೂ ಬೀಳುತ್ತೆ. ಗದ್ದೆ ಮುಗಿದ ತಕ್ಷಣ ಬಿಚ್ಚಿ ಇಡಬೇಕು. ಬಿಚ್ಚಿ ಇಡುವ ಸೌಕರ್ಯ ನನ್ನ ಟೈರಿಗೆ ಇರಲಿಲ್ಲ.

ಇನ್ನೊಂದು ಸಂಗತಿ ನನಗೆ ತಡವಾಗಿ ಗೊತ್ತಾಗಿದ್ದು. ಕಂಪನಿಯವರು ಕೊಟ್ಟ ವಿವರಗಳಿಗೂ ಗಾಡಿಗೂ ತಾಳೆಯಾಗದ ಹಾಗೆ ಮಾರ್ಪಾಡು ಮಾಡುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಅದನ್ನೇ ಎತ್ತಿ ಹಿಡಿದಿದೆ. ಆವತ್ತು ಕಾಲುವೆಯ ಬದಲು ಯಾರಿಗಾದರೂ ಗುದ್ದಿದ್ದರೆ ಇನ್ಶೂರೆನ್ಸಿನವರು ಮೊದಲು ನೋಡುತ್ತಿದ್ದುದು ಆ ಟೈರನ್ನೇ ಇರಬೇಕು. ಹದಿನೈದು ವರ್ಷ ದಾಟಿದ ಜೀಪು ಬೇರೆ, ಐದೈದು ವರ್ಷಕ್ಕೆ ಆರ್.ಸಿ. ನವೀಕರಣಕ್ಕೆ ತಪಾಸಣೆಗೆ ನಿಲ್ಲಿಸಬೇಕು.

ಸರಿ, ವಾಪಸ್ 6.00-16 ಹಾಕಿಸೋಣ ಅಂತ ರಾಯಚೂರಿಗೆ ಬಂದೆ. ಹಳೇ ಟೈರು ನಾನೇ ಯಾರಿಗೋ ಕೊಟ್ಟುಬಿಟ್ಟಿದ್ದೆ. ಅಂಗಡಿಯಲ್ಲಿ ಸೈಜ್ ಹೇಳಿದೆ, ಹುಡುಗ ಒಳಗೆ ಹೋಗಿ ಟ್ರ್ಯಾಕ್ಟರಿನ ಮುಂದಿನ ಟೈರು ಉರುಳಿಸಿಕೊಂಡು ಬಂದ! ಹೌದು, ನಮ್ಮಲ್ಲಿ ಬಹಳಷ್ಟು ಟ್ರ್ಯಾಕ್ಟರಿನ ಮುಂದಿನ ಗಾಲಿಯ ಸೈಜೂ ಅದೇ. ನೋಡೋಕೆ ಒಂದೇ ಆದರೂ ಅದು ಹೊಲದ ವೇಗಕ್ಕೆ ಮಾಡಿದ್ದು, ಉದ್ದುದ್ದ ಗೆರೆಯದ್ದು. ಜೀಪಿಗೆ ಹಾಕಿ ಅರವತ್ತರಲ್ಲಿ ಓಡಿಸಿದರೆ ಇನ್ನೊಂದು ಕಥೆ ಆಗುತ್ತೆ. ಜೀಪಿನ ಟೈರು ತರಿಸೋಕೆ ನಾಲ್ಕು ದಿನ ಬೇಕಾಯ್ತು. ಈ ಸಲ ಐದು ತಗೊಂಡೆ.

ಉಸ್ತಾದರು ಟೈರು, ಶ್ಯಾಕಲ್ ಎಲ್ಲ ಬದಲಿಸಿ ಬ್ರೇಕ್ ಲೈನರ್ ನೋಡೋಕೆ ಎರಡು ತಾಸು ಬೇಕು ಅಂದರು. ಕೋಟೆ ಕಡೆ ನಡೆದೆ. ಬಸ್ ಸ್ಟ್ಯಾಂಡಿಗೆ ಹತ್ತಿರವೇ. ಅಲ್ಲಿ ಗೋಡೆಯಲ್ಲಿ ನಲವತ್ತು ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲೆ. ಚಿಕ್ಕಂದಿನಿಂದ ನೋಡಿದ್ದೇ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಅನ್ನೋದನ್ನು ಅದೇ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ. ಅರೆಕಾಲುಗಳಿಲ್ಲದ ಗಟ್ಟಿ ಗಾಲಿಯ ಬಂಡಿ, ಎಳೆಯೋಕೆ ಉದ್ದಕ್ಕೆ ಕೋಣಗಳ ಸಾಲು, ಅವನ್ನು ಹುರಿದುಂಬಿಸುವವರು, ಹಿಂದೆ ಗಾಲಿಗೆ ಸನಿಕೆ ಕೊಟ್ಟು ಮೀಟುತ್ತಿರುವ ಮಂದಿ. ನಾನು ಎಷ್ಟೋ ಸಲ ನೋಡಿದ್ದೆ, ಆದರೆ ಆ ಹಿಂದಿನ ಮಂದಿಯನ್ನು ಗಮನಿಸಿದ್ದು ಆವತ್ತೇ ಮೊದಲು. ಗಾಲಿ ಹೂತಿತ್ತು ಅಂತ ಕಾಣುತ್ತೆ. ಯಾವ ತಿಂಗಳಲ್ಲಿ ತಂದರೋ ಏನೋ!

ವಾಪಸ್ ಬಂದಾಗ ಉಸ್ತಾದರು ಕೈ ಒರೆಸಿಕೊಳ್ಳುತ್ತಾ, "ಈಗ ಗಾಡಿ ಖುಷ್ ಐತಿ" ಅಂದರು.

ದೊಡ್ಡ ಟೈರುಗಳನ್ನು ಆಮೇಲೆ ಬೆಂಗಳೂರಿನ ಒಬ್ಬರು ತಗೊಂಡರು. ಅವರಿಗೆ ಇಷ್ಟೂ ಕಥೆ ಹೇಳಿಯೇ ಕೊಟ್ಟೆ. ಅರ್ಧ ಬೆಲೆ ಬಂತು.

ಕಾಕಾನ ಮಗಳು 2024ರ ಪಂಚಮಿಗೆ ತವರಿಗೆ ಬಂದಳು. ಡಾಂಬರು ರಸ್ತೆಯಿಂದ ಕರೆತರೋಕೆ ಮಾಮ ನನ್ನನ್ನೇ ಕಳಿಸಿದರು. ಬೇಕಂತಲೇ ಕಳಿಸಿದರು ಅಂತ ನನ್ನ ಗುಮಾನಿ. ಜಿಟಿಜಿಟಿ ಮಳೆ. ಬಸ್ಸಿಳಿದು ಬಂದವಳು ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಜೀಪಿನ ಹತ್ತಿರ ನಿಂತಳು. ಹತ್ತಲಿಲ್ಲ. ಬಗ್ಗಿ ಮುಂದಿನ ಗಾಲಿ ನೋಡಿದಳು, ಒಂದು ಹೆಜ್ಜೆ ಹಿಂದೆ ಹೋಗಿ ಹಿಂದಿನ ಗಾಲಿಯನ್ನೂ ನೋಡಿದಳು.

"ಬದಲಿ ಮಾಡೀಯೇನಣ್ಣಾ?" ಅಂದಳು.

"ಹೂಂ" ಅಂದೆ.

ಕೂಸನ್ನು ನನ್ನ ಕೈಗೆ ಕೊಟ್ಟು ಹತ್ತಿದಳು.